ಇಳಿಜಾರು ಸೈಟು, ಪಾಯದ ಸುತ್ತಲಿನ ನೆಲ: ಒಂದು ಸ್ಕೆಚಪ್ ಮಾಡೆಲ್‌ನ ಕೆಲಸದ ಟಿಪ್ಪಣಿ

ಸಮತಟ್ಟು ಸೈಟಾದರೆ ಸ್ಕೆಚಪ್‌ನಲ್ಲಿ (ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾಡೆಲ್ ಕಟ್ಟುವ ಸಾಫ್ಟ್‌ವೇರ್) ಮನೆಯ ಮಾಡೆಲ್ ಮುಗಿದ ಕೂಡಲೇ ಕೆಲಸವೂ ಮುಗಿಯಿತು. ಇಳಿಜಾರಿನಲ್ಲಿ ಹಾಗಲ್ಲ. ಗೋಡೆ, ಬಾಗಿಲು, ಚಾವಣಿ ಎಲ್ಲ ಆದ ಮೇಲೂ ಪಾಯದ ಸುತ್ತ ಮಣ್ಣು ಯಾವ ಮಟ್ಟಕ್ಕೆ ನಿಲ್ಲುತ್ತದೆ ಅನ್ನುವುದು ತೀರ್ಮಾನ ಆಗಿರುವುದಿಲ್ಲ. ಈ ಸಲ ಅದೇ ಭಾಗ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿತು. ಏನು ನಡೆಯಿತು, ಏನು ಕೈಕೊಟ್ಟಿತು ಅಂತ ಕ್ರಮವಾಗಿ ಬರೆದಿಡುತ್ತೇನೆ.

ಸೈಟು 24 ಮೀಟರ್ ಅಗಲ, 30 ಮೀಟರ್ ಉದ್ದ. ಮುಂಭಾಗ ದಕ್ಷಿಣಕ್ಕೆ. ಹಿಂದಿನಿಂದ ಮುಂದಕ್ಕೆ ಸುಮಾರು 3 ಮೀಟರ್ ಇಳಿತ, ಪಶ್ಚಿಮದಿಂದ ಪೂರ್ವಕ್ಕೆ ಇನ್ನೊಂದು 80 ಸೆಂಟಿಮೀಟರ್. ವಾಯವ್ಯ ಮೂಲೆ 103.40, ಆಗ್ನೇಯ ಮೂಲೆ 99.60. ಲೆವೆಲ್‌ಗಳೆಲ್ಲ ಒಂದು ತಾತ್ಕಾಲಿಕ ಬೆಂಚ್‌ಮಾರ್ಕ್‌ನಿಂದ (ಎತ್ತರ ಅಳೆಯಲು ಹಿಡಿದ ಗುರುತು) ಮೀಟರಿನಲ್ಲಿ ಅಳೆದದ್ದು, ಅದಕ್ಕೆ 100.00 ಅಂತ ಹಿಡಿದಿದೆ. ಮನೆ 12 ಮೀಟರ್ ಅಗಲ, 9 ಮೀಟರ್ ಆಳ. ಒಳನೆಲದ ಮಟ್ಟ 102.00.

ಮನೆಯ ನಾಲ್ಕು ಮೂಲೆಗಳಲ್ಲಿ ಈಗಿರುವ ನೆಲ ಹೀಗಿದೆ: ವಾಯವ್ಯ 102.20, ಈಶಾನ್ಯ 101.80, ನೈಋತ್ಯ 101.30, ಆಗ್ನೇಯ 100.90. ಅಂದರೆ ಹಿಂದಿನ ಒಂದು ಮೂಲೆಯಲ್ಲಿ ಮಣ್ಣು ಒಳನೆಲಕ್ಕಿಂತ 20 ಸೆಂಟಿಮೀಟರ್ ಮೇಲಿದೆ, ಅದರ ಎದುರು ಮೂಲೆಯಲ್ಲಿ 1.10 ಮೀಟರ್ ಕೆಳಗಿದೆ. ಮುಂದಿನ ಕಥೆಯೆಲ್ಲ ಈ ನಾಲ್ಕು ಅಂಕಿಗಳದ್ದೇ.

ಹಂತ 1: ಸರ್ವೇ ಫೈಲು

ಸರ್ವೇಯರ್ ಕಡೆಯಿಂದ ಎರಡು ಫೈಲು ಬಂದಿದ್ದವು. ಒಂದು ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಇರುವ ಡಿಡಬ್ಲ್ಯೂಜಿ, ಅಂದರೆ ಕ್ಯಾಡ್ ನಕ್ಷೆಯ ಫೈಲು. ಇನ್ನೊಂದು ಬರೀ ಬಿಂದುಗಳ ಸಿಎಸ್‌ವಿ, ಅಂದರೆ ಅಂಕಿಗಳ ಪಟ್ಟಿ. ಕಂಟೂರ್ ಸಿದ್ಧವಾಗಿದೆಯಲ್ಲ ಅಂತ ಡಿಡಬ್ಲ್ಯೂಜಿಯನ್ನೇ ಮೊದಲು ತೆಗೆದುಕೊಂಡೆ.

ಅದರಲ್ಲಿ ಎರಡು ತೊಂದರೆ. ಕಂಟೂರ್ ಗೆರೆಗಳೆಲ್ಲ ಸೊನ್ನೆ ಎತ್ತರದಲ್ಲಿ ಚಪ್ಪಟೆಯಾಗಿ ಮಲಗಿದ್ದವು. ಪಕ್ಕದಲ್ಲಿ ಬರೆದ ಅಂಕಿ ಬರೀ ಅಕ್ಷರ, ಗೆರೆಗೆ ಎತ್ತರವೇ ಇಲ್ಲ. ಇದನ್ನು ಸರಿ ಮಾಡುವುದು ಕಷ್ಟವಲ್ಲ. ಒಂದೊಂದೇ ಗೆರೆ ಆರಿಸಿ, ಮೂವ್ ಟೂಲ್ ಹಿಡಿದು, ಮೇಲ್ಮುಖ ಬಾಣದ ಕೀ ಒತ್ತಿದರೆ ಚಲನೆ ನೀಲಿ ಅಕ್ಷಕ್ಕೆ ಲಾಕ್ ಆಗುತ್ತದೆ. ಆಮೇಲೆ ಎತ್ತರ ಟೈಪ್ ಮಾಡಿದರೆ ಆಯಿತು. 25 ಸೆಂಟಿಮೀಟರ್ ಅಂತರಕ್ಕೆ 99.75ರಿಂದ 103.25ರವರೆಗೆ ಹದಿನೈದೇ ಗೆರೆ.

ಎರಡನೆಯ ತೊಂದರೆ ದೊಡ್ಡದು. ಸೈಟಿನ ನೈಋತ್ಯ ಮೂಲೆಯ ಹತ್ತಿರ 60 ಸೆಂಟಿಮೀಟರ್ ಎತ್ತರದ ಹಳೇ ಕಲ್ಲುಕಟ್ಟೆ ಇದೆ. ಕಂಟೂರ್‌ಗಳನ್ನು ಚಂದ ಕಾಣಲಿ ಅಂತ ನಯವಾಗಿ ಬಾಗಿಸಿದ್ದರಿಂದ ಆ ಕಟ್ಟೆ ನಕ್ಷೆಯಲ್ಲಿ ಕರಗಿಹೋಗಿ ಮೆತ್ತನೆಯ ಇಳಿಜಾರಾಗಿತ್ತು. ನೀರು ಕೊನೆಗೆ ಹರಿದು ಹೋಗುವುದೇ ಆ ಕಡೆ. ಹಾಗಾಗಿ ಡಿಡಬ್ಲ್ಯೂಜಿ ಬಿಟ್ಟು ಸಿಎಸ್‌ವಿ ಹಿಡಿದೆ. ನಯವಾದ ಕಂಟೂರ್ ಕಂಡರೆ ಈಗ ಮೊದಲು ಅನುಮಾನ ಬರುತ್ತದೆ.

ಸಿಎಸ್‌ವಿಯಲ್ಲಿ ಐದು ಕಾಲಂ: ಬಿಂದುವಿನ ಸಂಖ್ಯೆ, ಎರಡು ದೂರಗಳು, ಎತ್ತರ, ವಿವರ. ಮೇಲೆ ಹೆಸರಿನ ಸಾಲು ಇರಲಿಲ್ಲ. ಗಣಿತದ ಅಭ್ಯಾಸದಂತೆ ಮೊದಲನೆಯದು ಪೂರ್ವ, ಎರಡನೆಯದು ಉತ್ತರ ಅಂತ ಓದಿದರೆ ಸೈಟು ತಿರುವುಮುರುವಾಗಿ ಬಂತು. ಸರ್ವೇ ಫೈಲುಗಳಲ್ಲಿ ಉತ್ತರದ ದೂರ ಮೊದಲು ಬರುವುದು ತೀರಾ ಸಾಮಾನ್ಯ. ಇದರಲ್ಲಿ ಅಪಾಯ ಏನೆಂದರೆ, ಅದಲುಬದಲಾದ ನೆಲವೂ ನೋಡಲು ನೆಲದ ಹಾಗೆಯೇ ಇರುತ್ತದೆ. ಇಳಿಜಾರು ಇದೆ, ಕಟ್ಟೆ ಇದೆ, ಎಲ್ಲ ಇದೆ. 24 ಮೀಟರ್ ಇರಬೇಕಾದ ಬದಿ 30 ತೋರಿಸಿದ್ದರಿಂದ ಸಿಕ್ಕಿಬಿತ್ತು. ಸೈಟು ಚೌಕವಾಗಿದ್ದರೆ ಪಾಯ ಮುಗಿಯುವವರೆಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಅದೇ ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ದೂರಗಳು ಆರೇಳು ಅಂಕಿಯ ಸಂಖ್ಯೆಗಳು. ಅಷ್ಟು ದೂರದಲ್ಲಿ ಸ್ಕೆಚಪ್‌ಗೆ ಕೆಲಸ ಮಾಡಲು ಕೊಟ್ಟರೆ ಗೆರೆಗಳು ನಡುಗುತ್ತವೆ, ಝೂಮ್ ಮಾಡಿದರೆ ಮಾಡೆಲ್ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ, ಮುಚ್ಚಿಕೊಳ್ಳಬೇಕಾದ ಫೇಸ್ (ಗೆರೆಗಳ ನಡುವಿನ ಮೈ) ಮುಚ್ಚಿಕೊಳ್ಳುವುದಿಲ್ಲ. ಎಲ್ಲ ಬಿಂದುಗಳಿಂದಲೂ ಒಂದೇ ಪೂರ್ಣ ಸಂಖ್ಯೆ ಕಳೆದು ಸೈಟನ್ನು ಮೂಲಬಿಂದುವಿನ ಹತ್ತಿರ ತಂದೆ. ಎತ್ತರದಿಂದಲೂ 100 ಕಳೆದೆ. ಈಗ ಮಾಡೆಲ್‌ನಲ್ಲಿ 2.00 ಅಂದರೆ ಸೈಟಿನಲ್ಲಿ 102.00. ಕಳೆದ ಸಂಖ್ಯೆಗಳನ್ನು ಮಾಡೆಲ್ ಒಳಗೇ ಒಂದು ಟೆಕ್ಸ್ಟ್ ಆಗಿ ಬರೆದಿಟ್ಟಿದ್ದೇನೆ. ಬೇರೆ ಕಾಗದದಲ್ಲಿ ಬರೆದರೆ ಕಳೆದುಹೋಗುತ್ತದೆ.

ಹಂತ 2: ಈಗಿರುವ ನೆಲ

ನೆಲ ಮಾಡಲು ಸ್ಕೆಚಪ್‌ನಲ್ಲಿ ಸ್ಯಾಂಡ್‌ಬಾಕ್ಸ್ ಟೂಲ್‌ಗಳಿವೆ. ಅದರಲ್ಲಿ ಗೆರೆಗಳ ನಡುವೆ ತ್ರಿಕೋನ ಕಟ್ಟಿ ನೆಲ ಮುಚ್ಚುವ ಫ್ರಮ್ ಕಂಟೂರ್ಸ್ ಅನ್ನುವುದಕ್ಕೆ ಗೆರೆಗಳು ಬೇಕು, ಬರೀ ಬಿಂದು ಕೊಟ್ಟರೆ ಆಗುವುದಿಲ್ಲ. ಟೂಲ್‌ಗಳು ಕಾಣದಿದ್ದರೆ ಎಕ್ಸ್‌ಟೆನ್ಷನ್ ಮ್ಯಾನೇಜರ್‌ನಲ್ಲಿ ಆನ್ ಮಾಡಬೇಕು.

ಬಿಂದುಗಳಿಂದ ಗೆರೆ ತೆಗೆಯಲು ಕ್ಯೂಜಿಐಎಸ್ ಬಳಸಿದೆ. ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್, ಈ ಕೆಲಸಕ್ಕೆ ಧಾರಾಳ ಸಾಕು. ದಾರಿ ಹೀಗೆ: ಸಿಎಸ್‌ವಿಯನ್ನು ಲೇಯರ್ ಆಗಿ ಸೇರಿಸಿ, ಟಿನ್ ಇಂಟರ್‌ಪೊಲೇಷನ್ (ಬಿಂದುಗಳನ್ನು ತ್ರಿಕೋನಗಳಾಗಿ ಕೂಡಿಸಿ ನಡುವಿನ ಎತ್ತರ ಲೆಕ್ಕ ಹಾಕುವುದು) ಓಡಿಸಿ, ಅದರಿಂದ ಕಂಟೂರ್ ತೆಗೆದು, ಗೆರೆಗಳನ್ನು ಸರಳ ಮಾಡಿ, ಸ್ಕೆಚಪ್ ಓದಬಲ್ಲ ಡಿಎಕ್ಸ್‌ಎಫ್ ನಕ್ಷೆಯ ಫೈಲಾಗಿ ಉಳಿಸುವುದು. ಕಲ್ಲುಕಟ್ಟೆಯ ಮೇಲಂಚು ಮತ್ತು ಬುಡ ಎರಡನ್ನೂ ಬೇರೆ ಬೇರೆ ಗೆರೆಯಾಗಿ ಎಳೆದು, ಬ್ರೇಕ್ ಲೈನ್ ಅಂತ ಗುರುತಿಸಿ ಕೊಟ್ಟೆ. ಆಗ ತ್ರಿಕೋನಗಳು ಕಟ್ಟೆಯನ್ನು ದಾಟಿ ಹೋಗುವುದಿಲ್ಲ.

ಪಿಕ್ಸೆಲ್ ಅಳತೆ ಮೊದಲು 10 ಸೆಂಟಿಮೀಟರ್ ಇಟ್ಟಿದ್ದೆ. ನಿಖರವಾಗಿ ಬರಲಿ ಅನ್ನುವ ಆಸೆ. ಬಂದದ್ದು ಗರಗಸದ ಹಲ್ಲಿನಂಥ ಗೆರೆಗಳು, ಸಾವಿರಾರು ತುಂಡುಗಳು. ಅದನ್ನು ಸ್ಕೆಚಪ್‌ಗೆ ಕೊಟ್ಟು ಫ್ರಮ್ ಕಂಟೂರ್ಸ್ ಒತ್ತಿದರೆ ಪರದೆ ಬಿಳಿಯಾಗಿ ನಿಂತುಬಿಟ್ಟಿತು. ಮೂರು ಮೀಟರಿಗೊಂದರಂತೆ ಅಳೆದ ಬಿಂದುಗಳಿಂದ ಹತ್ತು ಸೆಂಟಿಮೀಟರಿನ ನಿಖರತೆ ಹೇಗೂ ಬರುವುದಿಲ್ಲ. ಪಿಕ್ಸೆಲ್ 50 ಸೆಂಟಿಮೀಟರ್, ಸಿಂಪ್ಲಿಫೈ 5 ಸೆಂಟಿಮೀಟರ್ ಇಟ್ಟ ಮೇಲೆ ಎಲ್ಲ ಹಗುರಾಯಿತು. ಕಟ್ಟೆ ಅರ್ಧ ಮೀಟರ್ ಅಗಲದ ಕಡಿದಾದ ಇಳಿಜಾರಾಗಿ ಬಂದಿದೆ, ಈ ಕೆಲಸಕ್ಕೆ ಅಷ್ಟು ಸಾಕು.

ಡಿಎಕ್ಸ್‌ಎಫ್ ಉಳಿಸುವ ಮುಂಚೆ ಸೆಟ್ ಝಡ್ ವ್ಯಾಲ್ಯೂ ಓಡಿಸಿ, ಕಂಟೂರಿನ ಎತ್ತರದ ಕಾಲಂ ಅನ್ನು ಅದಕ್ಕೆ ಜೋಡಿಸಬೇಕು. ಇದನ್ನು ಮರೆತರೆ ಮತ್ತೆ ಚಪ್ಪಟೆ ಗೆರೆಗಳೇ ಬರುತ್ತವೆ. ಸ್ಕೆಚಪ್‌ನಲ್ಲಿ ಇಂಪೋರ್ಟ್ ಮಾಡುವಾಗ ಆಪ್ಷನ್ಸ್ ಒಳಗೆ ಯೂನಿಟ್ ಮೀಟರ್ ಅಂತ ಕೊಡಬೇಕು. ಮಿಲಿಮೀಟರ್ ಬಿಟ್ಟರೆ ಇಡೀ ಸೈಟು 3 ಸೆಂಟಿಮೀಟರ್ ಆಗುತ್ತದೆ.

ಫ್ರಮ್ ಕಂಟೂರ್ಸ್ ಕೊಟ್ಟ ನೆಲದಲ್ಲಿ ತಕ್ಷಣ ಕಂಡ ಕೊರತೆ: ವಾಯವ್ಯ ಮತ್ತು ಆಗ್ನೇಯ ಮೂಲೆಗಳೇ ಇಲ್ಲ. ಕಾರಣ ಸರಳ. ಕೊನೆಯ ಕಂಟೂರ್ 103.25, ಮೂಲೆ 103.40. ಗೆರೆ ಎಲ್ಲಿ ನಿಂತಿತೋ ನೆಲವೂ ಅಲ್ಲೇ ನಿಂತಿತು. ಸೈಟಿನ ಗಡಿಯನ್ನೂ ಸರ್ವೇ ಲೆವೆಲ್‌ಗಳ ಮೇಲೆ ಹಾದು ಹೋಗುವ ಗೆರೆಯಾಗಿ ಎಳೆದು, ಕಂಟೂರ್‌ಗಳ ಜೊತೆ ಸೇರಿಸಿ ಮತ್ತೆ ಓಡಿಸಿದೆ. ಮೂಲೆಗಳು ಬಂದವು.

ಇನ್ನು ಒಂದೇ ಕಂಟೂರಿನ ಮೂರು ಬಿಂದು ಸೇರಿ ಆದ ಚಪ್ಪಟೆ ತ್ರಿಕೋನಗಳು. ಗೆರೆ ತೀರಾ ಬಾಗುವ ಕಡೆ ಇವು ಸಣ್ಣ ಸಣ್ಣ ಮೆಟ್ಟಿಲಿನಂತೆ ಕಾಣುತ್ತವೆ. ಹಿಡನ್ ಜಿಯಾಮೆಟ್ರಿ ಆನ್ ಮಾಡಿ, ಫ್ಲಿಪ್ ಎಡ್ಜ್‌ನಿಂದ ಕರ್ಣ ತಿರುಗಿಸಿದರೆ ಹೋಗುತ್ತವೆ. ಮನೆಯಿಂದ ಐದಾರು ಮೀಟರ್ ಒಳಗಿನವನ್ನು ಮಾತ್ರ ಸರಿ ಮಾಡಿ, ಉಳಿದವನ್ನು ಸುಮ್ನೆ ಬಿಟ್ಟೆ.

ಸಾಫ್ಟನ್ ಎಡ್ಜಸ್ ಮಾತ್ರ ಈ ಹಂತದಲ್ಲಿ ಬೇಡ. ನಯ ಮಾಡಿದ ಕೂಡಲೇ ನೆಲ ಚಂದ ಕಾಣುತ್ತದೆ, ತಪ್ಪು ತ್ರಿಕೋನಗಳೂ ಅದರ ಅಡಿಯಲ್ಲಿ ಅಡಗಿ ಕೂರುತ್ತವೆ.

ಈ ನೆಲದ ಗ್ರೂಪಿನ ಒಂದು ಪ್ರತಿ ತೆಗೆದು, ಮೂಲವನ್ನು 'ಹಳೇ ನೆಲ' ಅನ್ನುವ ಟ್ಯಾಗಿಗೆ ಹಾಕಿ ಲಾಕ್ ಮಾಡಿದೆ. ಇನ್ನು ಮುಂದಿನ ಪ್ರಯೋಗಗಳೆಲ್ಲ ಪ್ರತಿಯ ಮೇಲೆ.

ಹಂತ 3: ಸ್ಟ್ಯಾಂಪ್ ಟೂಲ್, ಸೋಲು

ಮನೆಯ ತಳದ ಆಯತ ಆರಿಸಿ, ಸ್ಟ್ಯಾಂಪ್ ಟೂಲಿಗೆ 1 ಮೀಟರ್ ಆಫ್‌ಸೆಟ್ ಕೊಟ್ಟು, ನೆಲದ ಮೇಲೆ ಒತ್ತಿದೆ. ಆಯತದ ಅಡಿ ನೆಲ ಸಮತಟ್ಟಾಗಿ, ಸುತ್ತ ಒಂದು ಮೀಟರ್ ಅಗಲದ ಪಟ್ಟಿ ಹಳೇ ನೆಲಕ್ಕೆ ಕೂಡಿಕೊಂಡಿತು. ತಟ್ಟೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದ ಹಾಗೆ ಕಾಣುತ್ತಿತ್ತು. ಮೊದಲ ನೋಟಕ್ಕೆ ಖುಷಿಯಾಗುತ್ತದೆ.

ಸೆಕ್ಷನ್ (ಅಡ್ಡ ಸೀಳಿದ ನೋಟ) ಹಾಕಿ ನೋಡಿದರೆ ಬೇರೆ ಕಥೆ. ಸಮತಟ್ಟಾದ ಭಾಗದ ಮಟ್ಟ 101.85. ಆಗ್ನೇಯ ಮೂಲೆಯಲ್ಲಿ ಹಳೇ ನೆಲ 100.90. 95 ಸೆಂಟಿಮೀಟರ್ ಭರ್ತಿ ಮಣ್ಣು ಒಂದೇ ಮೀಟರಿನಲ್ಲಿ ಇಳಿಯಬೇಕು, ಅಂದರೆ ಹತ್ತಿರ ಹತ್ತಿರ 45 ಡಿಗ್ರಿ. ಸಡಿಲ ಮಣ್ಣು ಹಾಗೆ ನಿಲ್ಲುವುದಿಲ್ಲ. ವಾಯವ್ಯದಲ್ಲಿ ಇನ್ನೂ ಕೆಟ್ಟದು. ಅಲ್ಲಿ ಪಟ್ಟಿ ಗೋಡೆಯ ಕಡೆಗೇ ಇಳಿಯುತ್ತದೆ. ಮೇಲಿನ ಸೈಟಿನ ಮಳೆನೀರೆಲ್ಲ ನೇರ ಪಾಯಕ್ಕೆ ಬರುತ್ತದೆ.

ಆಫ್‌ಸೆಟ್ 3 ಮೀಟರ್ ಮಾಡಿದರೆ ಮುಂದಿನ ಇಳಿಜಾರು ತಗ್ಗಿತು, ಹಿಂದಿನ ತೊಂದರೆ ಹಾಗೆಯೇ ಉಳಿಯಿತು. ಆಗ ಗೊತ್ತಾಯಿತು, ಇದು ಅಳತೆ ಬದಲಿಸಿದರೆ ಹೋಗುವ ತೊಂದರೆ ಅಲ್ಲ ಅಂತ. ಮನೆಯ ಸುತ್ತ ನಾಲ್ಕೂ ಕಡೆ ನೆಲ ಒಂದೇ ಥರ ವರ್ತಿಸುತ್ತದೆ ಅಂತ ಆ ಟೂಲ್ ತಿಳಿದುಕೊಂಡಿದೆ. ಇಳಿಜಾರಿನಲ್ಲಿ ನಾಲ್ಕು ಕಡೆಗೂ ನಾಲ್ಕು ಥರದ ಉತ್ತರ ಬೇಕು.

ಹಂತ 4: ಸಾಲಿಡ್ ಕತ್ತರಿಸುವುದು, ಅರ್ಧ ಉಪಯೋಗ

ಹಳೇ ನೆಲದ ಅಂಚನ್ನು 97.00 ಮಟ್ಟಕ್ಕೆ ಇಳಿಸಿ, ತಳ ಮುಚ್ಚಿ ಸಾಲಿಡ್ (ಎಲ್ಲ ಕಡೆ ಮುಚ್ಚಿದ ಗಟ್ಟಿ ಆಕಾರ) ಮಾಡಿ, ಅದರಿಂದ ಮನೆಯ ಗಾತ್ರವನ್ನು ಸಬ್‌ಟ್ರ್ಯಾಕ್ಟ್ ಮಾಡಿದೆ, ಅಂದರೆ ಕತ್ತರಿಸಿ ತೆಗೆದೆ. ಒಂದೆರಡು ಕಡೆ ಅಂಚು ಕೂಡದೆ ಸಾಲಿಡ್ ಆಗಲಿಲ್ಲ. ಸಾಲಿಡ್ ಇನ್ಸ್‌ಪೆಕ್ಟರ್ ಎಕ್ಸ್‌ಟೆನ್ಷನ್ ತೂತು ಎಲ್ಲಿದೆ ಅಂತ ತೋರಿಸಿತು, ಗೆರೆ ಎಳೆದು ಮುಚ್ಚಿದೆ.

ಗೋಡೆಯ ಹೊರಮೈಗೆ ನೆಲ ನೇರವಾಗಿ ತಾಗಿ ನಿಂತಿತು, ಒಳಗೆ ಮಣ್ಣಿಲ್ಲ. ಆದರೆ ಹೊರಗಿನ ನೆಲ ಹಳೆಯದೇ. ವಾಯವ್ಯದಲ್ಲಿ ಇನ್ನೂ ಒಳನೆಲಕ್ಕಿಂತ ಮೇಲೇ ಇದೆ. ಪಾಯ ತೋಡುವ ಲೆಕ್ಕಕ್ಕೆ ಈ ಮಾಡೆಲ್ ಇಟ್ಟುಕೊಂಡೆ, ಸುತ್ತಲಿನ ನೆಲಕ್ಕೆ ಇದು ಆಗುವುದಿಲ್ಲ.

ಹಂತ 5: ಮೊದಲು ಗೆರೆ, ಆಮೇಲೆ ನೆಲ

ಕೊನೆಗೆ ಹಿಡಿದ ದಾರಿ ಇದು. ಹೊಸ ನೆಲವನ್ನು ಟೂಲಿಗೆ ಬಿಡದೆ, ಮೂರು ಗೆರೆಗಳನ್ನು ಎತ್ತರ ಸಮೇತ ಕೈಯಾರೆ ಎಳೆಯುವುದು. ಗೋಡೆಗೆ ಮಣ್ಣು ತಾಗುವ ಗೆರೆ. ಗೋಡೆಯಿಂದ 3 ಮೀಟರ್ ಆಚೆ ಬಸಿಗಾಲುವೆಯ ತಳದ ಗೆರೆ. ಅದರಾಚೆ ಕಡಿದ ಧರೆ (ಮಣ್ಣು ಕಡಿದಾಗ ಉಳಿಯುವ ಇಳಿಜಾರು ಬದಿ) ಹಳೇ ನೆಲಕ್ಕೆ ಕೂಡುವ ಗೆರೆ. ಮೂರು ಗೆರೆ ಸರಿ ಇದ್ದರೆ ನಡುವಿನ ನೆಲ ತಾನಾಗಿ ಸರಿಯಾಗುತ್ತದೆ.

ಇಳಿತ ಎಷ್ಟಿರಬೇಕು ಅನ್ನುವುದಕ್ಕೆ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ (ಅಮೆರಿಕದಲ್ಲಿ ಬಳಸುವ, ಮನೆ ಕಟ್ಟುವ ನಿಯಮಾವಳಿ) ಹೇಳುವ ಅಳತೆ ಹಿಡಿದೆ: ಪಾಯದಿಂದ ಮೊದಲ 10 ಅಡಿಯಲ್ಲಿ 6 ಇಂಚು. ಮೀಟರಿನಲ್ಲಿ 3ಕ್ಕೆ 15 ಸೆಂಟಿಮೀಟರ್, ಶೇಕಡಾ 5.

ಗೋಡೆಯ ಗೆರೆ: ಹಿಂದಿನ ಗೋಡೆಯುದ್ದಕ್ಕೂ 101.85, ಅಂದರೆ ಒಳನೆಲಕ್ಕಿಂತ 15 ಸೆಂಟಿಮೀಟರ್ ಕೆಳಗೆ. ಪಕ್ಕದ ಗೋಡೆಗಳಲ್ಲಿ ಹಿಂದಿನಿಂದ ಮುಂದಕ್ಕೆ ಇಳಿಯುತ್ತಾ ಹೋಗಿ, ಮುಂದಿನ ಮೂಲೆಗಳಲ್ಲಿ ಹಳೇ ನೆಲಕ್ಕೇ ತಾಗುತ್ತದೆ.

ಕಾಲುವೆಯ ಗೆರೆ: ವಾಯವ್ಯ ಮೂಲೆಯ ಹಿಂದೆ 101.70ರಲ್ಲಿ ನೆತ್ತಿ. ಅಲ್ಲಿಂದ ನೀರು ಎರಡು ಕಡೆಗೂ ಒಡೆಯುತ್ತದೆ. ಪೂರ್ವಕ್ಕೆ 15 ಮೀಟರ್, ಶೇಕಡಾ 2 ಇಳಿತ, ತಿರುವಿನಲ್ಲಿ 101.40. ಪಶ್ಚಿಮಕ್ಕೆ 3 ಮೀಟರ್, ತಿರುವಿನಲ್ಲಿ 101.64. ಎರಡೂ ತಿರುವುಗಳಿಂದ ಮುಂದಕ್ಕೆ ಶೇಕಡಾ 4.

ಶೇಕಡಾ 4 ಯಾಕೆ? ಹಳೇ ನೆಲ ಶೇಕಡಾ 10ರಂತೆ ಇಳಿಯುತ್ತಿದೆ. ಕಾಲುವೆ ಅದಕ್ಕಿಂತ ನಿಧಾನ ಇಳಿದರೆ ತಾನೇ ಎಲ್ಲೋ ಒಂದು ಕಡೆ ನೆಲದ ಮೇಲೆ ಬಂದು ತೆರೆದುಕೊಳ್ಳುವುದು. ಪೂರ್ವದ ತಿರುವಿನಲ್ಲಿ ನೆಲ 102.00, ಕಾಲುವೆ 101.40. 60 ಸೆಂಟಿಮೀಟರ್ ವ್ಯತ್ಯಾಸ, ಮೀಟರಿಗೆ 6 ಸೆಂಟಿಮೀಟರಿನಂತೆ ಕಡಿಮೆಯಾಗುತ್ತಾ 10 ಮೀಟರಿಗೆ ಸೊನ್ನೆ. ಮನೆಯ ಮುಂಗೋಡೆಯ ಸಾಲಿಗೆ 2 ಮೀಟರ್ ಮುಂಚೆಯೇ ಕಾಲುವೆ ಮುಗಿಯುತ್ತದೆ. ಪಶ್ಚಿಮದಲ್ಲಿ ವ್ಯತ್ಯಾಸ 96 ಸೆಂಟಿಮೀಟರ್, ಹಾಗಾಗಿ 16 ಮೀಟರ್ ಬೇಕು. ಅದು ಮುಂಗೋಡೆ ದಾಟಿ 4 ಮೀಟರ್ ಮುಂದೆ ಬಂದು ತೆರೆದುಕೊಳ್ಳುತ್ತದೆ.

ಅಲ್ಲೇ ಹಳೇ ಕಲ್ಲುಕಟ್ಟೆ ಇರುವುದು. ನೇರ ಬಿಟ್ಟಿದ್ದರೆ ನೀರು ಕಟ್ಟೆಯ ಮೇಲಿಂದ 60 ಸೆಂಟಿಮೀಟರ್ ಧುಮುಕಿ ಬುಡದ ಮಣ್ಣು ಕೊರೆಯುತ್ತಿತ್ತು. ಕಾಲುವೆಯ ಬಾಯಿಯನ್ನು 2 ಮೀಟರ್ ಪೂರ್ವಕ್ಕೆ ತಿರುಗಿಸಿ ಕಟ್ಟೆಯನ್ನು ತಪ್ಪಿಸಿದೆ. ಡಿಡಬ್ಲ್ಯೂಜಿಯ ನಯವಾದ ಕಂಟೂರ್ ನಂಬಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಕೂಡುವ ಗೆರೆಯನ್ನು ಲೆಕ್ಕ ಹಾಕಬೇಕಾಗಿಲ್ಲ, ಸ್ಕೆಚಪ್‌ನಿಂದಲೇ ತೆಗೆಯಬಹುದು. ಕಾಲುವೆಯ ಗೆರೆಯನ್ನು ಮೂವ್ ಟೂಲಿನಲ್ಲಿ ಕಂಟ್ರೋಲ್ ಒತ್ತಿ ಪ್ರತಿ ತೆಗೆದು, 4 ಮೀಟರ್ ಹೊರಗೆ, 2 ಮೀಟರ್ ಮೇಲೆ ಇಟ್ಟೆ. ಎರಡರ ನಡುವೆ ಫೇಸ್ ಮುಚ್ಚಿದರೆ 1ಕ್ಕೆ 2ರ ಇಳಿಜಾರಿನ ಒಂದು ಹಲಗೆ ಸಿಗುತ್ತದೆ. ಹಲಗೆಯನ್ನೂ ಹಳೇ ನೆಲದ ಪ್ರತಿಯನ್ನೂ ಆರಿಸಿ ಇಂಟರ್‌ಸೆಕ್ಟ್ ಫೇಸಸ್ ಕೊಟ್ಟರೆ ಎರಡೂ ಕೂಡುವ ಕಡೆ ಗೆರೆ ಬೀಳುತ್ತದೆ. ಅದೇ ಧರೆಯ ಮೇಲಂಚು. ವಾಯವ್ಯ ಮೂಲೆಯ ಹಿಂದೆ ಅಳೆದು ನೋಡಿದೆ, ಕಾಲುವೆಯಿಂದ 2 ಮೀಟರ್ ದೂರ. ಕೈಲೆಕ್ಕವೂ ಅಷ್ಟೇ: ಕಾಲುವೆ 101.70, ನೆಲ 102.50. 80 ಸೆಂಟಿಮೀಟರ್ ಎತ್ತರವನ್ನು ಮೀಟರಿಗೆ 40 ಸೆಂಟಿಮೀಟರಿನಂತೆ ಹಿಡಿಯಬೇಕು. ಧರೆ 50 ಏರುತ್ತದೆ, ನೆಲವೂ 10 ಏರುತ್ತದಲ್ಲ.

ಮೊದಲು ಧರೆಗೆ 1ಕ್ಕೆ 3ರ ಇಳಿಜಾರು ಹಾಕಿ ನೋಡಿದ್ದೆ. ಹುಲ್ಲು ಬೆಳೆಸಲು, ಕತ್ತರಿಸಲು ಅದು ಸುಲಭ. ಆದರೆ ಪಶ್ಚಿಮದ ತಿರುವಿನಲ್ಲಿ ಮೇಲಂಚು ಸೈಟಿನ ಗಡಿ ದಾಟಿ 20 ಸೆಂಟಿಮೀಟರ್ ಪಕ್ಕದ ಜಾಗಕ್ಕೆ ಹೋಯಿತು. 1ಕ್ಕೆ 2 ಮಾಡಿದ ಮೇಲೆ ಗಡಿಗೆ ಇನ್ನೂ 90 ಸೆಂಟಿಮೀಟರ್ ಉಳಿಯಿತು. ಇಂಥದ್ದು ಪ್ಲಾನ್ ನೋಡಿದರೆ ಹೊಳೆಯುವುದಿಲ್ಲ. ಗೋಡೆಯಿಂದ ಗಡಿಗೆ 6 ಮೀಟರ್ ಜಾಗ ಇದೆಯಲ್ಲ ಅನ್ನಿಸುತ್ತದೆ ಅಷ್ಟೇ.

ಹಂತ 6: ಇಳಿತ ಸಾಲದ ಕಡೆ

ಮೂರು ಗೆರೆ ಆದ ಮೇಲೆ ನೆಲ ಮುಚ್ಚುವ ಮುಂಚೆ, ಗೋಡೆಯಿಂದ ಕಾಲುವೆಗೆ ಇಳಿತ ಎಷ್ಟು ಬಂದಿದೆ ಅಂತ ಮೀಟರಿಗೊಂದು ಕಡೆ ನೋಡುತ್ತಾ ಹೋದೆ. ಟೆಕ್ಸ್ಟ್ ಟೂಲ್ ಹಿಡಿದು ಗೆರೆಯ ತುದಿಯ ಮೇಲೆ ಒತ್ತಿದರೆ ಆ ಬಿಂದುವಿನ ಅಳತೆಗಳು ಬರುತ್ತವೆ. ಮೂರನೆಯದು ಎತ್ತರ. 1.85 ಅಂದರೆ 101.85.

ಹಿಂದೆ ತೊಂದರೆ ಇಲ್ಲ, ಎಲ್ಲ ಕಡೆ ಶೇಕಡಾ 5 ಅಥವಾ ಅದಕ್ಕಿಂತ ಜಾಸ್ತಿ. ಸಿಕ್ಕಿಬಿದ್ದದ್ದು ಆಗ್ನೇಯ ಮೂಲೆ. ಗೋಡೆಯ ಹತ್ತಿರ 100.90, 3 ಮೀಟರ್ ಪೂರ್ವಕ್ಕೆ 100.80. ಬರೀ 10 ಸೆಂಟಿಮೀಟರ್, ಶೇಕಡಾ 3.3. ಈ ಮೂಲೆಯನ್ನು ಮುಟ್ಟುವ ಯೋಚನೆಯೇ ಇರಲಿಲ್ಲ. ನೆಲ ಮುಂದಕ್ಕೆ ಜೋರಾಗಿ ಇಳಿಯುತ್ತಿದೆ, ನೀರು ತಾನೇ ಹೋಗುತ್ತದೆ ಅಂತ ಬಿಟ್ಟಿದ್ದೆ. ಆದರೆ ಗೋಡೆಗೆ ಸಮಾನಾಂತರವಾಗಿ ಎಷ್ಟು ಜೋರಾಗಿ ಇಳಿದರೂ ನೀರು ಗೋಡೆಗೆ ಉಜ್ಜಿಕೊಂಡೇ ಹೋಗುತ್ತದೆ. ಗೋಡೆಯಿಂದ ದೂರಕ್ಕೆ ಇಳಿತ ಬೇಕು.

ಗೋಡೆಯ ಗೆರೆಯನ್ನು ಆ ಮೂಲೆಯಲ್ಲಿ 101.00ಕ್ಕೆ ಏರಿಸಿದೆ. 10 ಸೆಂಟಿಮೀಟರ್ ಭರ್ತಿ. ಈಗ ಶೇಕಡಾ 6.7. ಕಾಲುವೆ ಮುಗಿಯುವ ಬಿಂದುವಿನಲ್ಲೂ ಮುಂಚೆ 3.7 ಇದ್ದದ್ದು 6ರ ಮೇಲೆ ಬಂತು. ನೈಋತ್ಯ ಮೂಲೆಯಲ್ಲೂ ಕೂದಲೆಳೆಯಷ್ಟು ಕಮ್ಮಿ ಇತ್ತು, ಶೇಕಡಾ 4.7. ಅಲ್ಲಿ 101.30 ಇದ್ದದ್ದನ್ನು 101.35 ಮಾಡಿದೆ.

ಇದೇ ಕೆಲಸವನ್ನು ನೆಲ ಮುಚ್ಚಿದ ಮೇಲೆ ಮಾಡಿದ್ದರೆ ಅಷ್ಟೂ ತ್ರಿಕೋನ ಕಿತ್ತು ಮತ್ತೆ ಕಟ್ಟಬೇಕಿತ್ತು. ಗೆರೆಯಾಗಿದ್ದಾಗ ಒಂದು ತುದಿ ಹಿಡಿದು ಎತ್ತಿದರೆ ಮುಗಿಯಿತು.

ಹಂತ 7: ನೆಲ ಮುಚ್ಚುವುದು

ಮೂರೂ ಗೆರೆ ಆರಿಸಿ ಫ್ರಮ್ ಕಂಟೂರ್ಸ್. ಮನೆಯ ಒಳಗೂ ತ್ರಿಕೋನ ಬರುತ್ತವೆ, ಅಳಿಸಬೇಕು. ಹಳೇ ನೆಲದ ಪ್ರತಿಯಲ್ಲಿ ಕೂಡುವ ಗೆರೆಯ ಒಳಗಿನದನ್ನೆಲ್ಲ ಅಳಿಸಿ, ಎರಡು ಗ್ರೂಪನ್ನೂ ಒಡೆದು ಒಂದೇ ಗ್ರೂಪ್ ಮಾಡಿದೆ. ಇಂಟರ್‌ಸೆಕ್ಟ್‌ನಿಂದ ಬಂದ ಗೆರೆಯನ್ನೇ ಎರಡೂ ಕಡೆ ಬಳಸಿದ್ದರಿಂದ ಹೊಲಿಗೆ ಬಿಡಲಿಲ್ಲ.

ಗಮನಿಸಬೇಕಾದ್ದು ಒಂದಿದೆ. ಗೋಡೆಯ ಗೆರೆಯನ್ನು ಸರಿಯಾಗಿ ಗೋಡೆಯ ಹೊರಮೈ ಮೇಲೇ ಎಳೆದರೆ, ಕೆಲವು ಕಡೆ ಕೂದಲಿನಷ್ಟು ಸಂದಿ ಬಿದ್ದು ಬೆಳಕು ಕಾಣುತ್ತದೆ. ಗೋಡೆಯ ದಪ್ಪ 20 ಸೆಂಟಿಮೀಟರ್. ನೆಲವನ್ನು ಅದರ ನಡುವಿನ ತನಕ, ಅಂದರೆ 10 ಸೆಂಟಿಮೀಟರ್ ಒಳಗೆ, ಅದೇ ಎತ್ತರದಲ್ಲಿ ಎಳೆದುಕೊಂಡೆ. ಹೊರಗಿನಿಂದ ಸಂದಿ ಇಲ್ಲ, ಒಳಗಿನಿಂದ ಮಣ್ಣು ಕಾಣುವುದಿಲ್ಲ.

ಇನ್ನೊಂದು: ಈ ಥರದ ನೆಲಕ್ಕೆ ನೇರ ನಿಂತ ಗೋಡೆ ಅರ್ಥವಾಗುವುದಿಲ್ಲ. ಒಂದೇ ಜಾಗಕ್ಕೆ ಒಂದೇ ಎತ್ತರ. ತಡೆಗೋಡೆ ಬೇಕಾದ ಕಡೆ ಮೇಲಿನ ಗೆರೆಯನ್ನೂ ಬುಡದ ಗೆರೆಯನ್ನೂ ಗೋಡೆಯ ದಪ್ಪದಷ್ಟು ದೂರ ಇಟ್ಟು, ನಡುವಿನ ಜಾಗದಲ್ಲಿ ಗೋಡೆಯನ್ನು ಬೇರೆ ಗ್ರೂಪಾಗಿ ನಿಲ್ಲಿಸಬೇಕು. ಇಲ್ಲಿ ತಡೆಗೋಡೆ ಬೇಕಾಗಲಿಲ್ಲ, ಗಡಿಗೆ 90 ಸೆಂಟಿಮೀಟರ್ ಉಳಿದದ್ದೇ ಕಾಪಾಡಿತು. ಕಟ್ಟಡದ ಮಾಡೆಲ್ ಮಾಡುವ ಇನ್ನೊಂದು ಸಾಫ್ಟ್‌ವೇರ್ ರೆವಿಟ್‌ನಲ್ಲಿ 2024ರ ಆವೃತ್ತಿಯಿಂದ ಟೋಪೊಸಾಲಿಡ್ ಬಂದು ನೆಲಕ್ಕೆ ದಪ್ಪ ಸಿಕ್ಕಿದೆ. ಅಲ್ಲಾದರೂ ಎತ್ತರಗಳನ್ನು ತೀರ್ಮಾನ ಮಾಡಬೇಕಾದವರು ನಾವೇ.

ನೆಲ ಸರಿಯಾಗಿದೆಯಾ ಅಂತ ಪರೀಕ್ಷೆಗೆ 25 ಸೆಂಟಿಮೀಟರಿಗೊಂದರಂತೆ ಅಡ್ಡ ಹಲಗೆಗಳನ್ನು ಜೋಡಿಸಿ ಇಂಟರ್‌ಸೆಕ್ಟ್ ಕೊಟ್ಟು ಹೊಸ ಕಂಟೂರ್ ತೆಗೆದೆ. ಕಾಲುವೆಯ ಮೇಲೆ ಹಾಯುವ ಕಡೆ ಕಂಟೂರಿನ ಮೂತಿ ಎತ್ತರದ ಕಡೆಗೆ ಚುಚ್ಚಿಕೊಂಡಿರಬೇಕು. ಪೂರ್ವದ ತಿರುವಿನಲ್ಲಿ ಒಂದು ಕಂಟೂರ್ ಸುತ್ತಿ ಬಂದು ತನ್ನನ್ನೇ ಮುಚ್ಚಿಕೊಂಡಿತ್ತು. ಕಾಲುವೆಯ ತಳದಲ್ಲಿ ಅಂಥದ್ದು ಕಂಡರೆ ಒಂದೋ ದಿಬ್ಬ, ಇಲ್ಲವೇ ನೀರು ನಿಲ್ಲುವ ಗುಂಡಿ. ತ್ರಿಕೋನದ ಕರ್ಣ ಕಾಲುವೆಯ ತಳವನ್ನು ಅಡ್ಡ ಹಾಯ್ದು ಸಣ್ಣ ಅಣೆಕಟ್ಟು ಕಟ್ಟಿತ್ತು. ಫ್ಲಿಪ್ ಎಡ್ಜ್ ಮಾಡಿದ ಮೇಲೆ ಹೋಯಿತು.

ಹಂತ 8: ಪಾಯದ ತಳ

ಹೊಸ ನೆಲ ಬಂದ ಮೇಲೆ ಫುಟಿಂಗ್ (ಪಾಯದ ಅಡಿಯ ಅಗಲ ಭಾಗ) ಮತ್ತೆ ನೋಡಬೇಕಾಯಿತು. ಹಳೆಯ ಫೈಲಿನಲ್ಲಿ ಫುಟಿಂಗಿನ ತಳ ಹಳೇ ನೆಲದಿಂದ 90 ಸೆಂಟಿಮೀಟರ್ ಆಳ ಅಂತ ಇತ್ತು. ವಾಯವ್ಯದಲ್ಲಿ ಅದು 101.30. ಆದರೆ ಅಲ್ಲಿ ಈಗ 35 ಸೆಂಟಿಮೀಟರ್ ಮಣ್ಣು ಕಡಿಯುತ್ತಿದ್ದೇವೆ. ಉಳಿದ ಆಳ 55 ಸೆಂಟಿಮೀಟರ್ ಅಷ್ಟೇ. ಮುಂದಿನ ಮೂಲೆಯಲ್ಲಿ ಉಲ್ಟಾ: ಅಲ್ಲಿ ಹಾಕಿದ 10 ಸೆಂಟಿಮೀಟರ್ ಭರ್ತಿ ಮಣ್ಣನ್ನು ಆಳಕ್ಕೆ ಲೆಕ್ಕ ಹಿಡಿಯುವ ಹಾಗಿಲ್ಲ. ಹಳೇ ನೆಲ, ಹೊಸ ನೆಲ ಎರಡರಲ್ಲಿ ಯಾವುದು ಕೆಳಗಿದೆಯೋ ಅದರಿಂದ ಆಳ ಅಳೆದೆ.

ಪೂರ್ವದ ಗೋಡೆಯಲ್ಲಿ ಫುಟಿಂಗಿನ ತಳ ಹಿಂದೆ 100.90, ಮುಂದೆ 100.00. ಮಣ್ಣಿನ ಇಳಿಜಾರು 1ಕ್ಕೆ 10ರಷ್ಟಿದೆ. ಅದೇ ಕೋಡ್ ಪ್ರಕಾರ ಫುಟಿಂಗಿನ ತಳದ ಇಳಿಜಾರು 1ಕ್ಕೆ 10 ಮೀರಬಾರದು, ಮೀರಿದರೆ ಮೆಟ್ಟಿಲು ಮಾಡಬೇಕು. ಗಡಿಯಲ್ಲಿ ನಿಂತು ಆಟ ಆಡುವುದು ಬೇಡ ಅಂತ ಮೆಟ್ಟಿಲೇ ಮಾಡಿದೆ. 45 ಸೆಂಟಿಮೀಟರಿನ ಎರಡು ಮೆಟ್ಟಿಲು: ಒಂದು ಈಶಾನ್ಯ ಮೂಲೆಯಲ್ಲೇ, ಇನ್ನೊಂದು ಗೋಡೆಯ ನಡುವೆ, 4.5 ಮೀಟರಿಗೆ. ಇದು ಮಾಡೆಲ್‌ಗೆ ಸಾಕು. ಮಣ್ಣಿನ ಬಲ, ಕಬ್ಬಿಣದ ಲೆಕ್ಕ ಎಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ಹಂತ 9: ಮಣ್ಣಿನ ಲೆಕ್ಕ

ಹಳೇ ನೆಲ, ಹೊಸ ನೆಲ ಎರಡನ್ನೂ ಗೋಡೆ ಮತ್ತು ಕೂಡುವ ಗೆರೆಯ ನಡುವಿನ ಉಂಗುರಕ್ಕೆ ಮಾತ್ರ ಕತ್ತರಿಸಿ, ಎರಡನ್ನೂ 97.00ಕ್ಕೆ ಇಳಿಸಿ ಸಾಲಿಡ್ ಮಾಡಿದೆ. ಆರಿಸಿದ ವಸ್ತುವಿನ ವಿವರ ತೋರಿಸುವ ಎಂಟಿಟಿ ಇನ್ಫೋದಲ್ಲಿ ವಾಲ್ಯೂಮ್ (ಘನ ಅಳತೆ) ಕಾಣಿಸುವುದು ಸಾಲಿಡ್ ಆಗಿದ್ದರೆ ಮಾತ್ರ. ಬರೀ ಎರಡು ವಾಲ್ಯೂಮ್ ಕಳೆದರೆ ಕಡಿತ ಮತ್ತು ಭರ್ತಿ ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಒಂದನ್ನು ಇನ್ನೊಂದರಿಂದ, ಆಮೇಲೆ ತಿರುಗಿಸಿ ಸಬ್‌ಟ್ರ್ಯಾಕ್ಟ್ ಮಾಡಿದರೆ ಎರಡೂ ಬೇರೆ ಬೇರೆ ಸಿಗುತ್ತವೆ.

ಕಡಿತ 50 ಘನ ಮೀಟರ್ ಹತ್ತಿರ ಬಂತು. ಹೊರಗಿನ ಭರ್ತಿ ಲೆಕ್ಕಕ್ಕೆ ಬಾರದಷ್ಟು ಕಮ್ಮಿ. ಪ್ಲಿಂತ್ (ಪಾಯದಿಂದ ಒಳನೆಲದವರೆಗಿನ ಕಟ್ಟು) ಒಳಗಿನ ಭರ್ತಿ ಕೈಲೆಕ್ಕದಲ್ಲಿ: ಹಳೇ ನೆಲದ ಸರಾಸರಿ 101.55, ಕಾಂಕ್ರೀಟಿನ ಅಡಿಮಟ್ಟ 101.75, ವ್ಯತ್ಯಾಸ 20 ಸೆಂಟಿಮೀಟರ್, 108 ಚದರ ಮೀಟರಿಗೆ 21.6 ಘನ ಮೀಟರ್. ಕಡಿದ ಮಣ್ಣಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಿಗುತ್ತದೆ. ಪಾಯ ತೋಡಿದ ಮಣ್ಣು ಇದರಲ್ಲಿ ಸೇರಿಲ್ಲ. ಅಗೆದ ಮೇಲೆ ಮಣ್ಣು ಉಬ್ಬುವುದರಿಂದ ಲಾರಿಯ ಲೆಕ್ಕ ಇದಕ್ಕಿಂತ ಜಾಸ್ತಿಯೇ ಬರುತ್ತದೆ.

ಒಳನೆಲವನ್ನು 10 ಸೆಂಟಿಮೀಟರ್ ಏರಿಸಿದರೆ ಕಡಿತ ಇಳಿಯುತ್ತದೆ, ಒಳಗಿನ ಭರ್ತಿ ಇನ್ನೊಂದು 10.8 ಘನ ಮೀಟರ್ ಏರುತ್ತದೆ, ಮಿಗುವ ಮಣ್ಣು ಗಣನೀಯವಾಗಿ ಕಮ್ಮಿಯಾಗುತ್ತದೆ. ಆದರೆ ಮುಂಬಾಗಿಲ ಮೆಟ್ಟಿಲು ಹೆಚ್ಚುತ್ತದೆ. ಈಗಿನ ಲೆಕ್ಕದಲ್ಲಿ ಬಾಗಿಲ ಮುಂದೆ ನೆಲ 101.175ರ ಆಸುಪಾಸು, ಏರಬೇಕಾದ್ದು 82.5 ಸೆಂಟಿಮೀಟರ್, 16.5 ಸೆಂಟಿಮೀಟರಿನ ಐದು ಮೆಟ್ಟಿಲಿಗೆ ಸರಿಹೋಗುತ್ತದೆ. 10 ಸೆಂಟಿಮೀಟರ್ ಏರಿಸಿದರೆ ಆರು ಬೇಕು, ಆರನೆಯದು ಬಂದರೆ ಮುಂಬಾಗಿಲ ಮೆಟ್ಟಿಲ ಕಟ್ಟೆ ಇನ್ನೂ 30 ಸೆಂಟಿಮೀಟರ್ ಹೊರಚಾಚಬೇಕು. ಎರಡನ್ನೂ ಬೇರೆ ಬೇರೆ ಸೀನ್ (ಮಾಡೆಲ್‌ನ ಉಳಿಸಿದ ನೋಟ) ಆಗಿ ಉಳಿಸಿದ್ದೇನೆ. ಯಾವುದು ಅಂತ ಮನೆಯವರು ನೋಡಿ ಹೇಳಬೇಕು.